ತಲೆಯಡಿಗೆ ಇಟ್ಟ ಬಟ್ಟೆ

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಗಂಡನ ಹೆಲ್ಮೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು, ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತೇ ದೂರು ಹೇಳಿದಳು. ಶಾಲೆಯ ಮೇಷ್ಟ್ರಾದ ಆಕೆಯ ಗಂಡ ಶನಿವಾರ ಬೆಳಿಗ್ಗೆ ಕಾಡಂಚಿನ ಒಳದಾರಿಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಇದು ಬರೀ ಅಪಘಾತವಲ್ಲ ಎಂಬುದು ಆಕೆಯ ದೂರು. ಮಾಡಿದವನ ಗುರುತೂ ಆಕೆಗಿತ್ತು. ಅವನು ಬೇರಾರೂ ಅಲ್ಲ, ಒಡಹುಟ್ಟಿದ ತಂಗಿಯ ಗಂಡ. ಗಾಡಿ ರಿಪೇರಿ ಅವನ ಕಸುಬು, ಸ್ಪಾನರ್ ಎಂಬುದು ಊರವರು ಕೊಟ್ಟ ಹೆಸರು. ಶುಕ್ರವಾರ ಸಂಜೆ ಮೇಷ್ಟ್ರ ಗಾಡಿ ಅವನ ಗ್ಯಾರೇಜಿನಲ್ಲಿತ್ತು. ಅದಕ್ಕೆ ಹಿಂದಿನ ಭಾನುವಾರ ಷಡ್ಡಕರಿಬ್ಬರಿಗೂ ಊಟಕ್ಕೆ ಕೂತಲ್ಲೇ ಜಗಳವಾಗಿತ್ತು.

ಜಗಳದ ಮೂಲ ಹಾರ್ನ್. ಮೇಷ್ಟ್ರು ರಸ್ತೆಯ ಶಿಸ್ತಿನ ಮನುಷ್ಯ. ತಿರುವು ಬಂತೆಂದರೆ, ಎದುರಿಗೆ ನರಪಿಳ್ಳೆ ಇರಲಿ ಬಿಡಲಿ, ಹಾರ್ನ್ ಹೊಡೆದೇ ಹೋಗುವವರು. ಹಾರ್ನ್ ಮೇಷ್ಟ್ರು ಎಂದೇ ಅವರು ಪ್ರಸಿದ್ಧರು. ಸ್ಪಾನರ್ ಹಾರ್ನ್ ಮುಟ್ಟದೆ ಗಾಳಿಗೆ ಸವಾಲು ಹಾಕುವಂತೆ ಓಡಿಸುವವನು. ಅವತ್ತು ಮೇಷ್ಟ್ರು ಅವನನ್ನು ಹೆಂಡತಿ ಮಕ್ಕಳ ಮುಂದೆ, ಮಗ್ಗಿ ಬಾರದ ಹುಡುಗನಿಗೆ ಬೈದಂತೆ ಬೈದಿದ್ದರು. ಅವನು ಎಲೆ ಬಿಟ್ಟೆದ್ದು, ಮೇಷ್ಟ್ರಿಗೂ ಒಂದಿನ ಪಾಠ ಕಲಿಸ್ತೀನಿ ಎಂದು ಹೋಗಿದ್ದ.

"ಬ್ರೇಕಿಗೆ ಏನೋ ಮಾಡಿದಾನೆ ಅಂತೀರಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು.

"ಏನು ಮಾಡಿದಾನೋ ನಂಗೇನು ಗೊತ್ತು ಮೇಡಂ. ಎಷ್ಟೋ ವರ್ಷದಿಂದ ಅದೇ ದಾರೀಲಿ ಹೋಗ್ತಿದ್ದ ಮನುಷ್ಯ. ಇವನ ಕೈ ಸೋಕಿದ ಮಾರನೇ ದಿನಾನೇ ಬೀಳ್ತಾರಾ?"

ಮಾತಿನಲ್ಲಿ ತೂಕವಿತ್ತು. ಎಫ್‌ಐಆರ್ ದಾಖಲಾಯಿತು. ಸಹಿ ಹಾಕುವಾಗ ಮಾತ್ರ ಆಕೆಯ ಕೈ ತಡೆಯಿತು. ತಂಗಿಗೆ ತಾನೇ ಮುಂದೆ ನಿಂತು ಗಂಡು ನೋಡಿದ್ದು ಎಂದಳು, ಯಾರೂ ಕೇಳದೆಯೇ.

ಆಕೆ ಹೋದ ಮೇಲೆ ಇನ್ಸ್‌ಪೆಕ್ಟರ್ ಶನಿವಾರದ ಪಂಚನಾಮೆ ತರಿಸಿಕೊಂಡಳು. ಅದನ್ನು ಬರೆದವನು ಠಾಣೆಯ ದಫೇದಾರ. ಸರ್ವಿಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ, ಮೀಸೆಯಲ್ಲಂತೂ ಜಿಲ್ಲೆಗೇ ಹಿರಿಯ. ಅಪಘಾತವೆಂದು ಬಗೆದು ಬರೆದಿದ್ದರೂ ಕಂಡದ್ದನ್ನು ಬಿಟ್ಟಿರಲಿಲ್ಲ. ಗಾಡಿ ರಸ್ತೆಯ ಎಡಬದಿಯ ಚರಂಡಿಯಲ್ಲಿ. ಗಾಯಾಳು ಅದರ ಪಕ್ಕದಲ್ಲಿ ಅಂಗಾತ, ಹೆಲ್ಮೆಟ್ ಬಿಚ್ಚಿಟ್ಟಿದೆ. ಡಾಂಬರಿನ ಮೇಲೆ ಹಸಿ ಕೆಸರು. ಬಲಬದಿಯ ಪೊದೆಯಾಚೆ ಅರ್ಧ ತಿಂದ ಬನ್ನು. ಗಾಯಾಳುವಿನ ತಲೆಯಡಿ ನಾಲ್ಕು ಮಡಿಕೆಯ ಬಿಳಿ ಬಟ್ಟೆ, ರಕ್ತಸಿಕ್ತ.

ಇನ್ಸ್‌ಪೆಕ್ಟರ್ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಬಟ್ಟೆ ಇಟ್ಟೋರು ಯಾರು?"

"ಪೋಸ್ಟ್‌ಮ್ಯಾನ್ ಇರ್ಬೇಕು ಮೇಡಂ. ಮೊದಲು ನೋಡಿದ್ದು ಅವನೇ."

ಪೋಸ್ಟ್‌ಮ್ಯಾನ್‌ನನ್ನು ಕರೆಸಿ ಕೇಳಿದ್ದಾಯಿತು. ತಾನು ಗಾಡಿ ನಿಲ್ಲಿಸಿದಾಗ ಒಂಬತ್ತು ಗಂಟೆ ದಾಟಿತ್ತು, ಬಟ್ಟೆ ಆಗಲೇ ತಲೆಯಡಿ ಇತ್ತು, ರಕ್ತ ಆರಲು ಹತ್ತಿತ್ತು, ತಾನು ಫೋನ್ ಮಾಡಿದ್ದು ಬಿಟ್ಟರೆ ಏನೂ ಮುಟ್ಟಿಲ್ಲ ಎಂದ. ಅಂದರೆ ಅವನಿಗೂ ಮೊದಲು ಯಾರೋ ಬಂದಿದ್ದರು. ಬಂದವರು ಹೆಲ್ಮೆಟ್ ಬಿಚ್ಚಿ, ಬಟ್ಟೆ ಮಡಿಸಿ, ತಲೆ ಎತ್ತಿ ಇಟ್ಟು, ಯಾರಿಗೂ ಒಂದು ಮಾತು ಹೇಳದೆ ಹೋಗಿದ್ದರು. ಕೊಲ್ಲಲು ಬಂದವನು ತಲೆದಿಂಬು ಇಡುತ್ತಾನೆಯೇ? ಉಪಕಾರಕ್ಕೆ ಬಂದವನು ಓಡಿಹೋಗುತ್ತಾನೆಯೇ? ಆಕೆಗೆ ತಲೆಬುಡ ತಿಳಿಯಲಿಲ್ಲ.

ಮಧ್ಯಾಹ್ನ ಸಾರಿಗೆ ಇಲಾಖೆಯವರು ಗಾಡಿ ನೋಡಿ ವರದಿ ಕೊಟ್ಟರು. ಬ್ರೇಕು, ಚೈನು, ಟೈರು ಎಲ್ಲವೂ ಸರಿ. ಫುಟ್‌ರೆಸ್ಟಿಗೆ ಕೆಸರಿನೊಂದಿಗೆ ಒರಟು ಕಪ್ಪು ಕೂದಲು ಮೆತ್ತಿಕೊಂಡಿತ್ತು. ಅರಣ್ಯ ಇಲಾಖೆಯ ಗಾರ್ಡು ಅದನ್ನು ನೋಡಿದವನೇ ಕಾಡುಹಂದಿ ಎಂದ. ಅಲ್ಲಿಗೆ ಕೇಸು ಮುಗಿಯಬೇಕಿತ್ತು. ಆದರೆ ಅದೇ ಗಾರ್ಡು, ಆ ಕಾಡಿನಲ್ಲಿ ಹಂದಿ ಇರುವುದು ನಿಜ, ಬಿಸಿಲೇರಿದ ಮೇಲೆ ಅವು ಡಾಂಬರಿಗೆ ಕಾಲಿಡುವುದು ಸುಳ್ಳು, ಗಾಡಿಯ ಸದ್ದು ಕೇಳಿದರೆ ಮೈಲಿ ದೂರ ಓಡುವ ಜಾತಿ ಎಂದು ಸೇರಿಸಿದ.

ಆ ದಾರಿಯಲ್ಲಿ ಓಡಾಡುವ ಗಾಡಿಯವರನ್ನು ವಿಚಾರಿಸಿದ್ದರಿಂದ ಗೊಂದಲ ಇನ್ನೂ ಹೆಚ್ಚಿತು. ಕಾಲೇಜು ಹುಡುಗರು ಅಲ್ಲಿ ಮೊಲವನ್ನೂ ಕಂಡಿರಲಿಲ್ಲ. ಕ್ಷೌರದಂಗಡಿಯವನು ತಾನು ಕರಡಿ ಕಂಡದ್ದಾಗಿ ಹೇಳಿದ, ಅದರ ಎತ್ತರ ಪ್ರತಿ ಪ್ರಶ್ನೆಗೂ ಬೆಳೆಯಿತು. ಗಾರೆ ಕೆಲಸದವನೊಬ್ಬ ಮಾತ್ರ ಹಂದಿಗಳನ್ನು ಕಂಡಿದ್ದ. ಒಂದು ಬೆಳಿಗ್ಗೆ ಅವು ರಸ್ತೆಯಂಚಿನಲ್ಲಿ ಮರಿಗಳ ಸಮೇತ, ಬಸ್ಸಿಗೆ ಕಾಯುವವರ ಹಾಗೆ ಒಂದೇ ದಿಕ್ಕಿಗೆ ನೋಡುತ್ತ ನಿಂತಿದ್ದವಂತೆ. ಅವನು ಕುಡಿಯುವವನಾದ್ದರಿಂದ ಮನೆಯವರೂ ನಂಬಿರಲಿಲ್ಲ, ದಫೇದಾರನೂ ನಂಬಲಿಲ್ಲ. ಹೀಗೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿರುವಾಗಲೇ ಸಂಜೆಗೆ ಸ್ಪಾನರ್‌ನನ್ನು ಕರೆತಂದರು.

ಅವನು ಮೂವತ್ತರ ಆಸುಪಾಸಿನವನು. ಉಗುರಿನ ಸಂದಿಯ ಗ್ರೀಸು ಏಳು ಜನ್ಮಕ್ಕೂ ಹೋಗುವಂತಿರಲಿಲ್ಲ. ಇನ್ಸ್‌ಪೆಕ್ಟರ್ ಪ್ರಶ್ನೆ ಕೇಳುವ ಮುಂಚೆಯೇ ಅವನು ಬಾಯಿಬಿಟ್ಟ.

"ನಾನೇ ಮಾಡಿದ್ದು ಮೇಡಂ. ಬರ್ಕೊಳ್ಳಿ."

"ಏನು ಮಾಡ್ದೆ?"

"ಹಾರ್ನ್ ಬದಲಾಯಿಸ್ದೆ."

ಮೇಷ್ಟ್ರ ಹಾರ್ನ್ ಹೊಡೆದು ಹೊಡೆದೇ ಸುಟ್ಟುಹೋಗಿತ್ತು. ಹೊಸದು ಸೋಮವಾರ ಬರುತ್ತದೆ, ಅಲ್ಲಿಯತನಕ ಇರಲಿ ಎಂದು ಅವನು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಹಳೇ ಹಾರ್ನೊಂದನ್ನು ಹ್ಯಾಂಡಲ್ಲಿಗೆ ಕಟ್ಟಿದ್ದ. ರಬ್ಬರ್ ಉಂಡೆ ಹಿಚುಕಿದರೆ ಹಿತ್ತಾಳೆಯ ಬಾಯಿಂದ ಪೋಂ ಎನ್ನುವಂಥದ್ದು. ಊರೆಲ್ಲ ನಗಲಿ ಎಂಬುದೇ ಅವನ ಪಾಠ. ಮೇಷ್ಟ್ರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಎರಡು ಸಲ ಹಿಚುಕಿ ನೋಡಿ, ಸದ್ದು ಸಾಕಷ್ಟಿದೆ ಎಂದು ಹೊರಟುಹೋಗಿದ್ದರು.

"ಅದನ್ನ ಹಿಚುಕೋಕೆ ಹ್ಯಾಂಡಲ್ಲಿಂದ ಕೈ ತೆಗೀಬೇಕು ಮೇಡಂ. ತಿರುವಿನಲ್ಲಿ ಒಂಟಿ ಕೈ. ಅದಕ್ಕೇ ಬಿದ್ರು. ನನ್ನ ತಮಾಷೆಗೆ ಅವರ ಕಾಲು ಹೋಯ್ತು."

"ತಲೆ ಕೆಳಗೆ ಬಟ್ಟೆ ಇಟ್ಟಿದ್ದು ನೀನಾ?"

"ಯಾವ ಬಟ್ಟೆ?"

ಸುಳ್ಳು ಹೇಳುವವನ ಮುಖವಲ್ಲ ಅದು. ಶನಿವಾರ ಬೆಳಿಗ್ಗೆ ಅವನು ಗ್ಯಾರೇಜಿನಲ್ಲೇ ಇದ್ದನೆಂದು ಅಕ್ಕಪಕ್ಕದವರೂ ಹೇಳಿದರು. ಆದರೂ ತಪ್ಪೊಪ್ಪಿಕೊಂಡವನಿಗೆ ಮನೆಗೆ ಹೋಗು ಎನ್ನಲು ಯಾವ ಕಾನೂನಿದೆ? ಮೇಷ್ಟ್ರು ಉಳಿಯದಿದ್ದರೆ ಇವನ ಬಾಳು ಮುಗಿದಂತೆಯೇ. ಕೈಬೆರಳಚ್ಚಿನಂತೆ ತಪ್ಪೊಪ್ಪಿಗೆಯೂ ಒಮ್ಮೆ ಕಾಗದದ ಮೇಲೆ ಬಿದ್ದರೆ ಅಳಿಸುವುದು ಕಷ್ಟವೆಂದು ಆಕೆಗೆ ಗೊತ್ತಿತ್ತು. ಹೇಳಿಕೆಯನ್ನು ಬರೆದುಕೊಳ್ಳದೆ, ಅವನನ್ನು ವಿಚಾರಣೆಗೆಂದು ಠಾಣೆಯಲ್ಲೇ ಕೂರಿಸಿಕೊಂಡಳು.

ಅವನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಅಕ್ಕ ಆಸ್ಪತ್ರೆಗೆ ಊಟದ ಡಬ್ಬಿ ಹಿಡಿದು ಅದೇ ರಸ್ತೆಯಲ್ಲಿ ಬಂದಳು. ತಂಗಿ ಎದ್ದು ನಿಂತಳು. ಅಕ್ಕ ನೋಡಿಯೂ ನೋಡದವಳಂತೆ ದಾಟಿಹೋದಳು. ಇನ್ಸ್‌ಪೆಕ್ಟರ್ ಅದನ್ನು ಕಿಟಕಿಯಿಂದ ಕಂಡಳು. ಆಕೆಗೂ ಒಬ್ಬಳು ತಂಗಿ ಇದ್ದಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಮೇಷ್ಟ್ರು ಹೋಗುತ್ತಿದ್ದ ಹೊತ್ತಿಗೇ, ಇನ್ಸ್‌ಪೆಕ್ಟರ್ ಮತ್ತು ದಫೇದಾರ ಜೀಪಿನಲ್ಲಿ ಆ ತಿರುವಿಗೆ ಹೋದರು. ಒಂಟಿ ಕೈಯಲ್ಲಿ ಓಡಿಸಿದರೆ ಅಲ್ಲಿ ಬೀಳುವುದು ಸಾಧ್ಯವೇ ಎಂದು ನೋಡುವುದು ಉದ್ದೇಶ. ಗಾಡಿಯಿಂದ ಬಿಚ್ಚಿಸಿದ ಹಾರ್ನ್ ದಫೇದಾರನ ಮಡಿಲಲ್ಲಿತ್ತು. ತಿರುವು ಅಂಥ ಕಡಿದೂ ಅಲ್ಲ, ಎದುರಿನ ರಸ್ತೆ ದೂರದವರೆಗೂ ಕಾಣುತ್ತಿತ್ತು. ಜೀಪಿನ ಹಾರ್ನನ್ನು ನಾಲ್ಕಾರು ಸಲ ಹೊಡೆದರು. ಎಲೆಯೂ ಅಲುಗಲಿಲ್ಲ. ಒಬ್ಬ ಹುಡುಗ ಮೋಟಾರ್ ಸೈಕಲ್ಲಿನಲ್ಲಿ ಭರ್ರೆಂದು ಬಂದು, ಪೊಲೀಸರನ್ನು ಕಂಡು ಸಂಭಾವಿತನಾಗಿ, ಹಾರ್ನ್ ಹೊಡೆದು ಮುಂದೆ ಹೋದ. ಆಗಲೂ ಏನೂ ಇಲ್ಲ.

"ನೀವು ಗಾಡೀಲಿ ಬಂದ ಹಾಗೆ ಆ ಕಡೆಯಿಂದ ನಡ್ಕೊಂಡು ಬನ್ನಿ. ಮೇಷ್ಟ್ರು ಎಲ್ಲಿ ಹಿಚುಕ್ತಿದ್ರೋ ಅಲ್ಲಿ ಹಿಚುಕಿ," ಎಂದಳು ಇನ್ಸ್‌ಪೆಕ್ಟರ್.

ದಫೇದಾರ ಮೊದಲು ಹಿಂದೆ ಮುಂದೆ ನೋಡಿದ. ಮೀಸೆಯ ಮರ್ಯಾದೆಯ ಪ್ರಶ್ನೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಲಗೈಯಲ್ಲಿ ಹ್ಯಾಂಡಲ್ ಹಿಡಿದವನಂತೆ ನಡೆದುಬಂದು, ಎಡಗೈಯಿಂದ ಪೋಂ ಪೋಂ ಎನಿಸಿದ.

ಬಲಬದಿಯ ಪೊದೆ ಅಲುಗಿತು. ಮೊದಲು ಒಂದು ಮೂತಿ, ಆಮೇಲೆ ಎಮ್ಮೆಗರುವಿನ ಗಾತ್ರದ ಹೆಣ್ಣು ಹಂದಿ, ಅದರ ಹಿಂದೆ ಇನ್ನೆರಡು, ಅವುಗಳ ಕಾಲಸಂದಿಯಲ್ಲಿ ಮರಿಗಳ ಹಿಂಡು ರಸ್ತೆಗೆ ಓಡಿ ಬಂದವು. ದಫೇದಾರನಿಗೆ ಆ ವಯಸ್ಸಿನಲ್ಲಿ ಅಷ್ಟು ಜಿಗಿತ ಎಲ್ಲಿಂದ ಬಂತೋ, ಜೀಪಿನ ಬಾನೆಟ್ಟಿನ ಮೇಲಿದ್ದ. ಇನ್ಸ್‌ಪೆಕ್ಟರ್ ಬಾಗಿಲು ಎಳೆದುಕೊಂಡಳು. ಹಂದಿಗಳು ಹಾಯಲಿಲ್ಲ. ಜೀಪನ್ನು ಸುತ್ತುವರಿದು, ಮೂತಿ ಎತ್ತಿ, ದಫೇದಾರನ ಕೈಯನ್ನೇ ನೋಡುತ್ತ ನಿಂತವು. ಅವನ ಕೈಯಲ್ಲಿ ಹಾರ್ನ್ ಬಿಟ್ಟರೆ ಏನಿದೆ? ತುಸು ಹೊತ್ತು ಕಾದು, ದೊಡ್ಡದೊಂದು ಟೈರಿಗೆ ಮೂತಿಯಿಂದ ಗುದ್ದಿ, ಬಂದ ದಾರಿಯಲ್ಲೇ ಹೊರಟುಹೋದವು. ಕಡೆಯ ಮರಿ ಎರಡು ಸಲ ತಿರುಗಿ ನೋಡಿತು.

ದಫೇದಾರ ಇನ್ನೂ ಬಾನೆಟ್ಟಿನ ಮೇಲೇ ಕೂತಿದ್ದ.

"ಇವು ಅಡ್ಡ ಬಂದಿದ್ದಲ್ಲ ಮೇಡಂ. ಕರೆದಿದ್ದಕ್ಕೆ ಬಂದಿದ್ದು," ಎಂದ.

ಗಾರೆಯವನು ಅವತ್ತು ಕುಡಿದಿರಲಿಲ್ಲ. ಗಾರ್ಡು ಹೇಳಿದ್ದೂ ಸುಳ್ಳಲ್ಲ. ಗಾಡಿಯ ಸದ್ದಿಗೆ ಓಡುವ ಹಂದಿಗಳಿಗೆ ಈ ಒಂದು ಸದ್ದನ್ನು ಮಾತ್ರ ಯಾರೋ ರೂಢಿ ಮಾಡಿಸಿದ್ದರು. ಮೇಷ್ಟ್ರು ಅಷ್ಟು ವರ್ಷ ಹೊಡೆದ ಹಾರ್ನ್ ಬೇರೆ. ಶನಿವಾರ, ಅದೇ ಮೊದಲ ಸಲ, ಅವರು ಹಂದಿಗಳ ಭಾಷೆಯಲ್ಲಿ ಹಾರ್ನ್ ಹೊಡೆದಿದ್ದರು.

"ಈ ಹಾರ್ನ್ ಇನ್ನೂ ಯಾರ ಹತ್ರ ಇದೆ?"

"ಇನ್ಯಾರ ಹತ್ರ? ಬ್ರೆಡ್ಡಿನವನ ಹತ್ರ. ದಿನಾ ನಮ್ಮ ಬೀದೀಲಿ ಹೊಡ್ಕೊಂಡು ಹೋಗ್ತಾನಲ್ಲ."

ಅವನು ಇನ್ಸ್‌ಪೆಕ್ಟರ್ ಇದ್ದ ವಸತಿಗೃಹದ ಬೀದಿಯಲ್ಲೂ ಹೋಗುತ್ತಿದ್ದ. ದಿನವೂ ಜಡೆ ಕಟ್ಟುವಾಗ ಆ ಸದ್ದು ಕಿವಿಗೆ ಬೀಳುತ್ತಿದ್ದದ್ದು ಆಕೆಗೆ ಈಗ ನೆನಪಾಯಿತು. ಯಾರದು, ಏನು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಶನಿವಾರದಿಂದ ಈಚೆಗೆ ಅದು ಕೇಳಿಲ್ಲವೆಂಬುದೂ ಆಗಲೇ ಹೊಳೆದದ್ದು.

ಠಾಣೆಗೆ ಮರಳಿ ಜಪ್ತಿಯ ಗಂಟು ಬಿಚ್ಚಿಸಿದಳು. ತಲೆಯಡಿಯ ಬಟ್ಟೆ ಹಿಟ್ಟಿನ ಚೀಲ ಬಿಚ್ಚಿ ಹೊಲಿದದ್ದು. ರಕ್ತ ತಾಗದ ಅಂಚಿನ ಹೊಲಿಗೆಯೊಳಗೆ ಇನ್ನೂ ಮೈದಾ ಕೂತಿತ್ತು. ಬೇಕರಿಯ ಯಜಮಾನ ನೋಡಿದ ಕೂಡಲೇ ಗುರುತಿಸಿದ. ಬ್ರೆಡ್ಡಿನ ಪೆಟ್ಟಿಗೆಯ ಮೇಲೆ ಧೂಳು ಬೀಳದಂತೆ ಹೊದಿಸಲು ತನ್ನ ಹೆಂಡತಿಯೇ ಹೊಲಿದುಕೊಟ್ಟದ್ದು, ಕಳೆದುಹೋಯಿತೆಂದು ಬ್ರೆಡ್ಡಿನವನು ಶನಿವಾರ ಇನ್ನೊಂದು ಒಯ್ದ ಎಂದ. ಕಾಡಿನಾಚೆಯ ಹಳ್ಳಿಗೆ ಅವನು ಈಗ ಒಳದಾರಿ ಬಿಟ್ಟು ಹೆದ್ದಾರಿ ಸುತ್ತಿಕೊಂಡು ಹೋಗುತ್ತಿದ್ದಾನೆ, ಹಾರ್ನನ್ನೂ ಕಳಚಿಟ್ಟಿದ್ದಾನೆ ಎಂದು ಆ ಹಳ್ಳಿಯವರು ಹೇಳಿದರು.

ಮಧ್ಯಾಹ್ನ ಒಂದೂವರೆಗೆ ಪೊಲೀಸರು ಅವನ ಮನೆಗೆ ಹೋದಾಗ ಅವನು ಅಂಗಳದಲ್ಲಿ ತಗಡಿನ ಪೆಟ್ಟಿಗೆ ತೊಳೆಯುತ್ತಿದ್ದ. ಒಬ್ಬಂಟಿ, ಅರವತ್ತರ ಹತ್ತಿರದ ಮನುಷ್ಯ. ಜೀಪು ಕಂಡು ಎದ್ದು, ಕೈ ಒರೆಸಿಕೊಂಡು, ಒಳಗೆ ಹೋಗಿ ಗೂಡಿನ ಮೇಲಿದ್ದ ಹಾರ್ನ್ ತಾನೇ ತಂದುಕೊಟ್ಟ.

"ಮೇಷ್ಟ್ರು ಹೋಗ್ಬಿಟ್ರಾ?" ಎಂದಷ್ಟೇ ಕೇಳಿದ.

ಇಲ್ಲವೆಂದು ದಫೇದಾರ ಹೇಳಿದ ಮೇಲೆ ಅಲ್ಲೇ ನೆಲದ ಮೇಲೆ ಕೂತ. ಠಾಣೆಯಲ್ಲಿ ಅವನಿಂದ ಮಾತು ಹೊರಡಿಸಲು ಕಷ್ಟವೇ ಆಗಲಿಲ್ಲ. ಶನಿವಾರ ಅವನು ತಿರುವಿಗೆ ಬರುವಷ್ಟರಲ್ಲಿ ಅವನದೇ ಹಾರ್ನಿನಂಥ ಸದ್ದು ಮುಂದೆಲ್ಲೋ ಕೇಳಿತಂತೆ, ಹಿಂದೆಯೇ ಗಾಡಿ ಬಿದ್ದ ಸದ್ದು. ಬಂದು ನೋಡಿದರೆ ಮೇಷ್ಟ್ರು ಚರಂಡಿಯಲ್ಲಿ, ಸುತ್ತಲೂ ಹಂದಿಗಳು. ಬನ್ನುಗಳನ್ನು ಪೊದೆಯಾಚೆ ಬೀಸಿ ಎಸೆದು ಅವನ್ನು ಅತ್ತ ಕಳಿಸಿದ. ಹೆಲ್ಮೆಟ್ ಬಿಚ್ಚಿದ, ಬಟ್ಟೆ ಮಡಿಸಿಟ್ಟ. ಆಮೇಲೆ, ಇದೆಲ್ಲ ಯಾರಿಂದಾಯಿತೆಂದು ಹೊಳೆದದ್ದೇ ತಡ, ಗಾಡಿ ಹತ್ತಿದ. ಪೋಸ್ಟ್‌ಮ್ಯಾನ್ ಬರುವವರೆಗೆ ಮೇಷ್ಟ್ರು ಬಿಸಿಲಿನಲ್ಲಿ ಒಬ್ಬರೇ ಬಿದ್ದಿದ್ದರು.

"ಹಂದಿಗೆ ತಿನ್ನಿಸೋಕೆ ಶುರು ಮಾಡಿದ್ದು ಯಾಕೆ?"

"ಹೆದರಿಕೆಗೆ ಮೇಡಂ. ಒಂದಿನ ಬೆಳಗಿನ ಜಾವ ಅಡ್ಡ ನಿಂತಿತ್ತು. ಒಂದು ಬನ್ನು ಎಸೆದೆ, ದಾರಿ ಬಿಡ್ತು. ಮಾರನೇ ದಿನ ಮೂರಾಯ್ತು. ಸುಂಕ ಕಟ್ಟಿದ ಹಾಗೆ ಕಟ್ಕೊಂಡು ಹೋದೆ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದಳು. ಲೆಕ್ಕ ಕೂಡುತ್ತಿರಲಿಲ್ಲ. "ಹೆದರಿಕೆ ಇದ್ದೋನು ಸದ್ದು ಮಾಡ್ದೆ ಜಾರ್ಕೋಬೋದಿತ್ತು. ಹಾರ್ನ್ ಹೊಡೆದು ಕರೀತಿದ್ದೆ ಯಾಕೆ?"

ಅವನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಿದ್ದ ಎರಡು ಹಾರ್ನ್‌ಗಳನ್ನು ನೋಡುತ್ತ ಕೂತ.

"ಮೊದಲು ಈ ಹಾರ್ನ್ ಹೊಡೆದ್ರೆ ಬೀದಿ ಪೂರ್ತಿ ಬಾಗಿಲು ತೆಗೀತಿತ್ತು. ಈಗ ಎಲ್ಲರಿಗೂ ಅಂಗಡಿ ಪ್ಯಾಕೆಟ್ಟು. ಹೊಡೀತಾ ಹೋಗ್ತೀನಿ, ಒಬ್ಬರೂ ತಲೆ ಹಾಕಲ್ಲ. ಅಲ್ಲಿ ಒಂದೇ ಸಲ ಹೊಡೆದ್ರೆ ಮಕ್ಕಳು ಮರಿ ಕಟ್ಕೊಂಡು ಓಡಿ ಬರ್ತಿದ್ವು ಮೇಡಂ. ನಿನ್ನೇದಾ ಇವತ್ತಿಂದಾ ಅಂತ ಕೇಳ್ತಿರ್ಲಿಲ್ಲ."

ಇನ್ಸ್‌ಪೆಕ್ಟರ್ ಮೇಲಿನ ಮಾತನ್ನು ಬರೆದುಕೊಂಡಳು. ಕೊನೆಯ ವಾಕ್ಯವನ್ನು ಯಾವ ಕಲಮಿನ ಕೆಳಗೆ ಸೇರಿಸುವುದೆಂದು ತೋಚದೆ ಬಿಟ್ಟಳು. ಕಾಡುಪ್ರಾಣಿಗಳಿಗೆ ತಿನ್ನಿಸಿದ್ದು, ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದದ್ದು, ಗಾಯಾಳುವನ್ನು ಬಿಟ್ಟು ಹೋದದ್ದು, ಇಷ್ಟು ಆಪಾದನೆ ಹೊರಿಸಿ ಸಂಜೆ ಐದಕ್ಕೆ ಅವನನ್ನು ದಸ್ತಗಿರಿ ಮಾಡಿದ್ದಾಗಿ ದಾಖಲಾಯಿತು. ಸ್ಪಾನರ್‌ಗೆ ಮನೆಗೆ ಹೋಗೆಂದರು. ಅವನು ಮನೆಗೆ ಹೋಗದೆ ಆಸ್ಪತ್ರೆಗೆ ಹೋಗಿ, ಒಳಗೆ ಕಾಲಿಡಲು ಧೈರ್ಯವಿಲ್ಲದೆ, ರಾತ್ರಿಯೆಲ್ಲ ಮೆಟ್ಟಿಲ ಮೇಲೆ ಕೂತಿದ್ದನಂತೆ.

ಬುಧವಾರ ಮೇಷ್ಟ್ರಿಗೆ ಎಚ್ಚರವಾಯಿತು. ಅವರ ಹೇಳಿಕೆ ಚುಟುಕಾಗಿತ್ತು. ತಿರುವಿನಲ್ಲಿ ನಿಯಮದಂತೆ ಹಾರ್ನ್ ಹೊಡೆದೆ, ಹಂದಿ ಬಂದವು, ಇದು ಯಾವ ನಿಯಮ ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಆ ಹಾರ್ನ್ ಚೆನ್ನಾಗಿಯೇ ಇತ್ತೆಂದು ಷಡ್ಡಕನಿಗೆ ತಿಳಿಸಿ ಎಂದೂ ಹೇಳಿದರು.

ಮಧ್ಯಾಹ್ನ ಅವರ ಹೆಂಡತಿ ಠಾಣೆಗೆ ಬಂದಳು. ಈ ಸಲ ಜೊತೆಯಲ್ಲಿ ತಂಗಿ ಇದ್ದಳು. ಇಬ್ಬರ ಕಣ್ಣೂ ಊದಿದ್ದವು, ಒಬ್ಬಳ ಸೆರಗನ್ನು ಇನ್ನೊಬ್ಬಳು ಹಿಡಿದಿದ್ದಳು. ದೂರು ವಾಪಸು ಪಡೆಯಬೇಕೆಂದಳು ಅಕ್ಕ. ತಂಗಿಯ ಗಂಡನ ಹೆಸರು ಕೈಬಿಟ್ಟಾಗಿದೆ, ಆದರೆ ಕೇಸು ಬ್ರೆಡ್ಡಿನವನ ಮೇಲೆ ನಡೆಯುತ್ತದೆ ಎಂದು ಇನ್ಸ್‌ಪೆಕ್ಟರ್ ವಿವರಿಸಿದಳು. ಅವನು ಹೇಳಿದ್ದನ್ನೂ ಹೇಳಿದಳು. ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದಳು.

ಅಕ್ಕನ ಮನೆಯೂ ಅವನು ಹಾರ್ನ್ ಹೊಡೆದುಕೊಂಡು ಹೋಗುವ ಬೀದಿಯಲ್ಲೇ ಇತ್ತು.

"ದಿನಾ ಕೇಳ್ತಿತ್ತು," ಎಂದಳು. "ಒಲೆ ಮುಂದೆ ಇರ್ತಿದ್ದೆ. ಇವತ್ತು ಬೇಡ ಅಂದ್ಕೊಳ್ತಿದ್ದೆ."

ಆಮೇಲೆ ತಲೆಯಡಿ ಬಟ್ಟೆ ಇಟ್ಟವನು ಅವನೇನಾ ಎಂದು ಕೇಳಿದಳು. ಹೌದೆಂದಳು ಇನ್ಸ್‌ಪೆಕ್ಟರ್. ಆ ಬಟ್ಟೆ ಎಲ್ಲಿದೆ ಎಂದು ಕೇಳಿದಳು. ಜಪ್ತಿಯಾಗಿದೆ, ಅರಗಿನ ಮೊಹರು ಬಿದ್ದಿದೆ ಎಂದ ದಫೇದಾರ.

"ಕೊಟ್ಟಿದ್ರೆ ಒಗೆದು ತರ್ತಿದ್ದೆ," ಎಂದಳು ಆಕೆ. "ಬೇರೆಯವರ ಬಟ್ಟೆ. ನಮ್ಮನೆಯವರ ರಕ್ತ ಅದರಲ್ಲೇ ಇರೋದು ಸರಿಯಲ್ಲ."

ಕೋರ್ಟಿನ ಅಪ್ಪಣೆಯಿಲ್ಲದೆ ಕೊಡುವಂತಿಲ್ಲವೆಂದು ದಫೇದಾರ ಮೆಲ್ಲಗೆ ಹೇಳಿದ. ಆಕೆ ತಲೆಯಾಡಿಸಿದಳು. ಹೊರಡುವಾಗ ಲಾಕಪ್ಪಿನ ಎದುರು ತುಸು ನಿಂತಳು. ಒಳಗೆ ಗೋಡೆಗೊರಗಿ ಕೂತಿದ್ದ ಬ್ರೆಡ್ಡಿನವನು ಎದ್ದು ನಿಂತ. ಆಮೇಲೆ ತಂಗಿಯ ಕೈ ಹಿಡಿದುಕೊಂಡು ಆಕೆ ಆಸ್ಪತ್ರೆಯ ದಾರಿ ಹಿಡಿದಳು.